ಎದುರಾಳಿಯ ಎಲೆ ಕಣ್ಣಿಗೆ ಬಿದ್ದಾಗ: ಪೋಕರ್ ಮೇಜಿನ ನಡವಳಿಕೆ

ಪೋಕರ್ ಆಡುವವರಿಗೆ ಈ ಗಳಿಗೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಪಕ್ಕದವರು ತಮಗೆ ಬಂದ ಎರಡು ಎಲೆಗಳನ್ನು ನೋಡಿಕೊಳ್ಳಲೆಂದು ಎತ್ತುತ್ತಾರೆ, ಬೇಕಾದುದಕ್ಕಿಂತ ನಾಲ್ಕು ಬೆರಳು ಹೆಚ್ಚಿಗೆ ಎತ್ತುತ್ತಾರೆ, ನೀವು ಬಯಸದೆಯೇ ಡೈಮನ್ ರಾಜ ನಿಮ್ಮ ಕಣ್ಣಿಗೆ ಬಿದ್ದುಬಿಡುತ್ತಾನೆ. ಕಂಡದ್ದನ್ನು ಕಾಣದಂತೆ ಮಾಡಿಕೊಳ್ಳಲು ಯಾರಿಂದಲೂ ಆಗದು. ಆದ್ದರಿಂದ ಅದರ ಮುಂದಿನ ಎರಡು ಮೂರು ಕ್ಷಣಗಳಲ್ಲಿ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದೇ ಮುಖ್ಯವಾಗುತ್ತದೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣನ್ನು ಕೂಡಲೇ ಬೇರೆಡೆಗೆ ತಿರುಗಿಸಬೇಕು, ಮೇಜಿನಲ್ಲಿ ಕುಳಿತ ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ "ನಿಮ್ಮ ಎಲೆ ಕಾಣುತ್ತಿದೆ, ಸ್ವಲ್ಪ ಕೆಳಗೆ ಹಿಡಿಯಿರಿ" ಎನ್ನಬೇಕು, ಆದರೆ ಕಂಡ ಎಲೆ ಯಾವುದೆಂದು ಬಾಯಿ ಬಿಡಬಾರದು. ಹಿರಿಯರಾದರೆ "ಸರ್" ಎಂದು ಸೇರಿಸಿ, ಗೆಳೆಯನಾದರೆ "ಎಲೆ ಮುಚ್ಕೊಳ್ಳೋ" ಎಂದರೂ ಸಾಕು. ಪಿಸುಗುಟ್ಟುವುದಕ್ಕಿಂತ ಬಹಿರಂಗವಾಗಿ ಹೇಳುವುದೇ ಮೇಲು, ಏಕೆಂದರೆ ಆಟದ ನಡುವೆ ಇಬ್ಬರು ಕಿವಿಯಲ್ಲಿ ಮಾತಾಡಿಕೊಂಡರೆ ಉಳಿದವರಿಗೆ ಸಹಜವಾಗಿಯೇ ಅನುಮಾನ ಬರುತ್ತದೆ.

ಒಂದು ಎಲೆ ಕಂಡರೆ ಅಷ್ಟೇನು ಲಾಭ ಎಂದು ಹಲವರು ಕೇಳುತ್ತಾರೆ. ಇಂದು ಹೆಚ್ಚಾಗಿ ಆಡುವ ಟೆಕ್ಸಸ್ ಹೋಲ್ಡೆಮ್ ಪ್ರಕಾರದಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಇರುವುದು ಎರಡೇ ಗುಟ್ಟಿನ ಎಲೆ. ಉಳಿದ ಐದು ಎಲೆಗಳು, ಅಂದರೆ ಫ್ಲಾಪಿನ ಮೂರು, ಟರ್ನಿನ ಒಂದು, ರಿವರಿನ ಒಂದು, ಮೇಜಿನ ನಡುವೆ ಎಲ್ಲರಿಗೂ ಕಾಣುವಂತೆ ಬಿದ್ದಿರುತ್ತವೆ. ನಿಮ್ಮಲ್ಲಿ ಎರಡು ಆಟೀನಿನ ಎಲೆ ಇದ್ದು, ಫ್ಲಾಪಿನಲ್ಲಿ ಇನ್ನೆರಡು ಬಂದಿವೆ ಎನ್ನಿ. ನೀವು ಕಾಣದ 47 ಎಲೆಗಳಲ್ಲಿ 9 ಆಟೀನು ಉಳಿದಿವೆ, ಮುಂದಿನ ಎಲೆಯಲ್ಲಿ ಫ್ಲಷ್ (ಒಂದೇ ಗುರುತಿನ ಐದು ಎಲೆ) ಆಗುವ ಸಾಧ್ಯತೆ ಶೇ. 19ರಷ್ಟು. ಪಕ್ಕದವರ ಕೈಯಲ್ಲಿ ಒಂದು ಆಟೀನು ಕಂಡರೆ ಲೆಕ್ಕ 46ರಲ್ಲಿ 8 ಆಗುತ್ತದೆ, ಸಾಧ್ಯತೆ ಶೇ. 17ರ ಆಸುಪಾಸಿಗೆ ಇಳಿಯುತ್ತದೆ. ಈ ವ್ಯತ್ಯಾಸ ಸಣ್ಣದೇ. ದೊಡ್ಡ ಹಾನಿ ಇರುವುದು ಬೇರೆ ಕಡೆ. ಏನೂ ಇಲ್ಲದ ಕೈಯಿಂದ ದೊಡ್ಡ ಪಣ ಕಟ್ಟಿ ಎದುರಾಳಿಯನ್ನು ಹೆದರಿಸುವುದು ಈ ಆಟದ ಜೀವಾಳ. ಅವರ ಕೈಯಲ್ಲಿ ಏಳು ಮತ್ತು ಎರಡರಂಥ ದುರ್ಬಲ ಎಲೆಗಳು ಇರುವುದನ್ನು ನೀವು ಕಂಡಿದ್ದರೆ ಅವರ ಧೈರ್ಯ, ಮುಖದ ಹಿಡಿತ, ಪಣದ ಅಳತೆ ಎಲ್ಲವೂ ವ್ಯರ್ಥವಾಗುತ್ತವೆ, ಅದು ವ್ಯರ್ಥವಾಗಿದೆ ಎಂಬುದು ಅವರಿಗೆ ಗೊತ್ತೂ ಆಗುವುದಿಲ್ಲ.

ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಹಲವು ವರ್ಷಗಳ ಹಿಂದೆ ಬೆಂಗಳೂರಿನ ಗೆಳೆಯರೊಬ್ಬರ ಮನೆಯಲ್ಲಿ, ಹಣವಿಲ್ಲದೆ, ಹುಣಸೆ ಬೀಜಗಳನ್ನೇ ಪಣದ ಬಿಲ್ಲೆ (ಚಿಪ್ಸ್) ಮಾಡಿಕೊಂಡು ಆಡುತ್ತಿದ್ದೆವು. ನನ್ನ ಬಲಕ್ಕೆ ಕುಳಿತಿದ್ದ ಹಿರಿಯರು ಜೀವಮಾನವಿಡೀ ರಮ್ಮಿ ಆಡಿದವರು. ಹದಿಮೂರು ಎಲೆಗಳನ್ನು ಬೀಸಣಿಗೆಯಂತೆ ಎದೆಮಟ್ಟಕ್ಕೆ ಹಿಡಿದು ರೂಢಿಯಾದ ಕೈ, ಪೋಕರಿನ ಎರಡು ಎಲೆಗಳನ್ನೂ ಹಾಗೆಯೇ ಹಿಡಿಯುತ್ತಿತ್ತು. ಮೂರು ಆಟಗಳಲ್ಲಿ ಅವರ ಎಲೆ ನನಗೆ ಕಂಡಿತು, ಮೂರರಲ್ಲೂ ನಾನು ಸುಮ್ಮನಿದ್ದೆ. ಮೂರನೆಯದರಲ್ಲಿ ಅವರು ತಮ್ಮ ಬೀಜಗಳನ್ನೆಲ್ಲ ಮುಂದಕ್ಕೆ ತಳ್ಳಿದರು, ಅವರಲ್ಲಿ ಏನೂ ಇಲ್ಲವೆಂದು ತಿಳಿದಿದ್ದ ನಾನು ಒಂದು ಸಾಧಾರಣ ಜೋಡಿಯನ್ನು ಇಟ್ಟುಕೊಂಡು ಕಾಲ್ ಮಾಡಿ, ಅಂದರೆ ಅವರ ಪಣಕ್ಕೆ ಸಮನಾಗಿ ಕಟ್ಟಿ, ಗೆದ್ದೆ. "ನನ್ನ ಮುಖ ಓದಿಬಿಟ್ಟಿರಲ್ಲ!" ಎಂದು ಅವರು ಮನಸಾರೆ ಮೆಚ್ಚಿಕೊಂಡರು. ನನಗೆ ಸಲ್ಲದ ಆ ಮೆಚ್ಚುಗೆಯನ್ನು ಹೊತ್ತುಕೊಂಡು ಮನೆಗೆ ಹೋದದ್ದು ಇಂದಿಗೂ ನೆನಪಿದೆ.

ಕಣ್ಣಿಗೆ ಬೀಳುವುದು ಮತ್ತು ಕತ್ತು ಬಗ್ಗಿಸುವುದು

ತನ್ನ ಎಲೆಗಳನ್ನು ಕಾಪಾಡಿಕೊಳ್ಳುವ ಹೊಣೆ ಆಟಗಾರನದೇ ಎಂಬುದು ಪೋಕರಿನಲ್ಲಿ ಎಲ್ಲೆಡೆಯೂ ಒಪ್ಪಿತವಾದ ನಿಯಮ. ಈ ನಿಯಮವನ್ನು ಮುಂದಿಟ್ಟು, "ಅವರು ತೋರಿಸಿದರು, ನಾನು ನೋಡಿದೆ, ನನ್ನದೇನು ತಪ್ಪು?" ಎಂದು ವಾದಿಸುವವರಿದ್ದಾರೆ. ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾಗದು, ಏಕೆಂದರೆ ನೇರವಾಗಿ ಕುಳಿತವರ ದೃಷ್ಟಿಗೆ ತಾನಾಗಿ ಬಿದ್ದದ್ದು ಮೋಸವಲ್ಲ. ಆದರೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಕತ್ತನ್ನು ಓರೆ ಮಾಡಿ, ಇನ್ನೊಮ್ಮೆ ಕಾಣುತ್ತದೆಯೇ ಎಂದು ಕಾಯತೊಡಗಿದ ಕ್ಷಣದಿಂದ ಅದು ಮೋಸವೇ ಆಗುತ್ತದೆ. ಹಾಗೆಯೇ ಮೊದಲ ಸಲ ಕಂಡದ್ದು ಆಕಸ್ಮಿಕ, ಹೇಳದೆ ಉಳಿದ ಮೇಲೆ ಎರಡನೆಯ ಸಲ ಕಂಡದ್ದು ಆಕಸ್ಮಿಕವಲ್ಲ ಎಂದು ನಾನು ತಿಳಿಯುತ್ತೇನೆ.

ಒಮ್ಮೆ ಎಚ್ಚರಿಸಿದ ಮೇಲೂ ಅವರು ಹಾಗೆಯೇ ಹಿಡಿದರೆ ಏನು ಮಾಡಬೇಕು? ಅನುಭವಿಗಳಲ್ಲಿ ಹಲವರು, ಒಂದು ಸಲ ಹೇಳಿದರೆ ಕರ್ತವ್ಯ ಮುಗಿಯಿತು, ಆಮೇಲೆ ಕಂಡದ್ದನ್ನು ಬಳಸಿಕೊಳ್ಳಬಹುದು ಎನ್ನುತ್ತಾರೆ. ವೃತ್ತಿಯವರು ದೊಡ್ಡ ಮೊತ್ತಕ್ಕೆ ಆಡುವ ಮೇಜಿನಲ್ಲಿ ಇದು ಸರಿಯಿರಬಹುದು. ಮನೆಯ ಆಟದಲ್ಲಿ, ಹೊಸಬರ ಎದುರಿನಲ್ಲಿ, ಕಣ್ಣು ಮಂಜಾದ ಹಿರಿಯರ ಎದುರಿನಲ್ಲಿ ಒಂದು ಮಾತು ಸಾಲದು. ಎರಡನೆಯ ಸಲ ಆಟವನ್ನು ಅರೆಗಳಿಗೆ ನಿಲ್ಲಿಸಿ, ಎಲೆಗಳನ್ನು ಮೇಜಿನ ಮೇಲೆಯೇ ಬಿಟ್ಟು, ಎಡಗೈಯನ್ನು ಗೋಡೆಯಂತೆ ಮುಂದೆ ಇಟ್ಟುಕೊಂಡು, ಬಲಗೈ ಹೆಬ್ಬೆರಳಿನಿಂದ ಮೂಲೆಯನ್ನಷ್ಟೇ ಎತ್ತಿ ನೋಡುವುದು ಹೇಗೆಂದು ತೋರಿಸಿಕೊಡಿ. ಮೂಲೆಯಲ್ಲಿ ಅಂಕಿ ಮತ್ತು ಗುರುತು ಎರಡೂ ಇರುವುದರಿಂದ ಅಷ್ಟು ಎತ್ತಿದರೆ ಸಾಕು. ಅದೂ ಆಗದಿದ್ದರೆ ಜಾಗ ಬದಲಿಸಿಕೊಳ್ಳಿ.

ತೆರೆದ ಎಲೆಯ ಗತಿ ಏನು?

ಬ್ರಿಜ್ ಆಟದ ನಿಯಮಾವಳಿ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ಅಲ್ಲಿ ರಕ್ಷಣೆಯ ಕಡೆಯವರು ಕೈತಪ್ಪಿ ತೋರಿಸಿದ ಎಲೆ ದಂಡದ ಎಲೆಯಾಗಿ ಮೇಜಿನ ಮೇಲೆ ತೆರೆದೇ ಬಿದ್ದಿರುತ್ತದೆ. ಪೋಕರಿನಲ್ಲಿ ಅಂಥ ವ್ಯವಸ್ಥೆ ಇಲ್ಲ. ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಎಲೆಯನ್ನು ತೆರೆದವರು ಯಾರು ಎಂಬುದು.

ಹಂಚುವವರ ಕೈತಪ್ಪಿನಿಂದ ಎಲೆ ತೆರೆದುಕೊಂಡರೆ ಪರಿಹಾರ ಸುಲಭ. ಮೊಟ್ಟಮೊದಲು ಹಂಚಿದ ಎರಡು ಎಲೆಗಳಲ್ಲಿ ಒಂದು ತೆರೆದರೆ, ಅಥವಾ ಆಮೇಲಿನವುಗಳಲ್ಲಿ ಯಾವುವಾದರೂ ಎರಡು ತೆರೆದರೆ, ಎಲ್ಲವನ್ನೂ ಒಟ್ಟುಗೂಡಿಸಿ, ಕಲೆಸಿ, ಹೊಸದಾಗಿ ಹಂಚಬೇಕು. ಆಮೇಲಿನ ಒಂದೇ ಎಲೆ ತೆರೆದಿದ್ದರೆ ಹಂಚುವುದನ್ನು ಮುಂದುವರಿಸಿ, ಕೊನೆಯಲ್ಲಿ ಆ ಎಲೆಗೆ ಬದಲಾಗಿ ಕಟ್ಟಿನ ಮೇಲಿನ ಎಲೆಯನ್ನು ಕೊಡುತ್ತಾರೆ. ತೆರೆದ ಎಲೆಯನ್ನು ಎಲ್ಲರಿಗೂ ತೋರಿಸಿ, ಫ್ಲಾಪಿಗೆ ಮುನ್ನ ಪಕ್ಕಕ್ಕೆ ಸರಿಸಿಡುವ ಬರ್ನ್ ಎಲೆಯಾಗಿ ಬಳಸುತ್ತಾರೆ. ಎಲೆ ಯಾರಿಗೆ ಬಂದಿತ್ತೋ ಅವರಿಗೆ ಇದರಲ್ಲಿ ಆಯ್ಕೆ ಇರುವುದಿಲ್ಲ. ತೆರೆದದ್ದು ಎಕ್ಕವಾದರೆ "ಇರಲಿ, ನಾನೇ ಇಟ್ಟುಕೊಳ್ಳುತ್ತೇನೆ" ಎನ್ನುವಂತಿಲ್ಲ.

ಆಟಗಾರರೇ ತಮ್ಮ ಎಲೆಯನ್ನು ತೋರಿಸಿಬಿಟ್ಟರೆ ಎಲೆ ಜೀವಂತವಾಗಿಯೇ ಉಳಿಯುತ್ತದೆ. ನೆಲಕ್ಕೆ ಬಿದ್ದರೂ ಎತ್ತಿಕೊಂಡು ಅದರಲ್ಲೇ ಆಡಬೇಕು. ಅದನ್ನು ಕಂಡವರು ಯಾರು ಎಂಬುದು ಆಗ ಮುಖ್ಯವಾಗುತ್ತದೆ. ಇದಕ್ಕೆ ಹಳೆಯದೊಂದು ಸೂತ್ರವಿದೆ: ಒಬ್ಬರಿಗೆ ತೋರಿಸಿದ್ದನ್ನು ಎಲ್ಲರಿಗೂ ತೋರಿಸಬೇಕು. ಈ ಸೂತ್ರವನ್ನು ಎಲ್ಲರೂ ಬಲ್ಲರು, ಯಾವಾಗ ತೋರಿಸಬೇಕೆಂಬುದನ್ನು ಬಲ್ಲವರು ಕಡಿಮೆ. ಎಲೆಯನ್ನು ಕಂಡವರು ಇನ್ನೂ ಆಟದಲ್ಲಿದ್ದು, ಅದೇ ಸುತ್ತಿನಲ್ಲಿ ಅವರು ಪಣದ ತೀರ್ಮಾನ ಮಾಡುವುದು ಬಾಕಿಯಿದ್ದರೆ ಆ ಎಲೆಯನ್ನು ಕೂಡಲೇ ಎಲ್ಲರಿಗೂ ತೋರಿಸಬೇಕು. ಅವರ ಸರದಿ ಈ ಸುತ್ತಿನಲ್ಲಿ ಮುಗಿದಿದ್ದು, ಮುಂದಿನ ಸುತ್ತಿನಲ್ಲಿ ಮತ್ತೆ ಬರುವುದಿದ್ದರೆ, ಈ ಸುತ್ತು ಮುಗಿದ ಕೂಡಲೇ ತೋರಿಸಬೇಕು. ಕಂಡವರು ಈಗಾಗಲೇ ಪ್ಯಾಕ್ ಮಾಡಿ ಆಟದಿಂದ ಹೊರಗಿದ್ದರೆ, ಪಣವೆಲ್ಲ ಮುಗಿಯುವವರೆಗೆ ಅದನ್ನು ಮುಚ್ಚಿಯೇ ಇಡಬೇಕು, ಏಕೆಂದರೆ ಅವರಿಗೆ ತಿಳಿದದ್ದರಿಂದ ಯಾರಿಗೂ ಹಾನಿಯಿಲ್ಲ, ಈಗ ತೆರೆದರೆ ಆಡುತ್ತಿರುವವರಿಗೆ ಹಾನಿ. ಒಂದೇ ಎಲೆ ಕಂಡಿದ್ದರೆ ಆ ಒಂದನ್ನು ತೋರಿಸಿದರೆ ಸಾಕು, ಇನ್ನೊಂದನ್ನು ತೋರಿಸಿ ಎಂದು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ.

ಹಾಗಾಗಿ ಮೂವರು ಅಥವಾ ಹೆಚ್ಚು ಮಂದಿ ಆಟದಲ್ಲಿರುವಾಗ "ನಿಮ್ಮ ಎಲೆ ಕಾಣುತ್ತಿದೆ" ಎಂದಷ್ಟೇ ಹೇಳಿ ಸುಮ್ಮನಾಗಬಾರದು. ಎಲೆ ನಿಜವಾಗಿಯೂ ಯಾವುದೆಂದು ತಿಳಿಯುವಷ್ಟು ಕಂಡಿದ್ದರೆ, "ನನಗೆ ಒಂದು ಎಲೆ ಕಂಡಿದೆ" ಎಂದು ಹಂಚುವವರಿಗೆ ತಿಳಿಸಿ, ತೋರಿಸುವ ತೀರ್ಮಾನವನ್ನು ಅವರಿಗೆ ಬಿಡಿ. ಇಬ್ಬರೇ ಉಳಿದಿದ್ದರೆ ಮೂರನೆಯವರಿಗೆ ಅನ್ಯಾಯವಾಗುವ ಪ್ರಶ್ನೆ ಇಲ್ಲ. ಅಲ್ಲಿ ಮಾತು ನಿಮ್ಮ ಮತ್ತು ಅವರ ನಡುವಿನದು. ಹೇಳಿದ ಮೇಲೆ ಕಂಡದ್ದನ್ನು ಮರೆತಂತೆ ನಟಿಸಿ, ಬೇಕೆಂದೇ ಸೋಲುವ ಅಗತ್ಯ ನಿಮಗಿಲ್ಲ. ಅವರಿಗೂ ಈಗ ವಿಷಯ ತಿಳಿದಿದೆ, ಅದಕ್ಕೆ ತಕ್ಕಂತೆ ಅವರೂ ಆಡಬಲ್ಲರು.

ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ ಆಡಲು ಕರ್ನಾಟಕದಿಂದ ಹೋಗುವವರು ಬಹಳ. ಅಂಥ ಕಡೆ ನೀವೇ ನ್ಯಾಯಾಧೀಶರಾಗಬೇಡಿ. ಡೀಲರಿಗೆ ಹೇಳಿ, ಅವರಿಗೂ ಗೊಂದಲವಾದರೆ ಫ್ಲೋರ್ ಎಂದು ಕರೆಯುವ ಮೇಲ್ವಿಚಾರಕರನ್ನು ಕರೆಯಲು ಕೇಳಿಕೊಳ್ಳಿ. ಮನೆಯ ಆಟದಲ್ಲಿ ಇಂಥ ತೀರ್ಮಾನ ಯಾರದೆಂದು ಎಲೆ ಹಂಚುವ ಮೊದಲೇ ಒಬ್ಬರನ್ನು ಒಪ್ಪಿಕೊಂಡಿರಬೇಕು. ಜಗಳ ಹುಟ್ಟಿದ ಮೇಲೆ ನ್ಯಾಯ ಹೇಳುವವರನ್ನು ಹುಡುಕಿದರೆ ಯಾರು ಸಿಕ್ಕರೂ ಒಂದು ಕಡೆಯವರೇ ಆಗಿ ಕಾಣುತ್ತಾರೆ.

ಆಟ ಮುಗಿಯಿತೆಂದು ತಿಳಿದು ತೆರೆದವರು

ಆಕಸ್ಮಿಕಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವುದು ಇದನ್ನು. ರಿವರ್ ಬಂದಿದೆ, ಮೂವರು ಉಳಿದಿದ್ದಾರೆ. ಮೊದಲನೆಯವರು ಪಣ ಕಟ್ಟುತ್ತಾರೆ, ಎರಡನೆಯವರು ಕಾಲ್ ಎನ್ನುತ್ತಾರೆ, ಮೂರನೆಯವರ ಸರದಿ ಇನ್ನೂ ಬಂದೇ ಇಲ್ಲ. ಅಷ್ಟರಲ್ಲಿ ಮೊದಲನೆಯವರು ಸಂಭ್ರಮದಿಂದ ತಮ್ಮ ಎರಡೂ ಎಲೆಗಳನ್ನು ತಿರುಗಿಸಿ ಮೇಜಿನ ಮೇಲೆ ಹರಡುತ್ತಾರೆ. ಎಲ್ಲರೂ ಒಮ್ಮೆಲೇ ಮಾತಾಡತೊಡಗುತ್ತಾರೆ. ಒಬ್ಬರು ಅವರ ಕೈ ರದ್ದಾಯಿತು ಎನ್ನುತ್ತಾರೆ, ಇನ್ನೊಬ್ಬರು ಮೂರನೆಯವರು ಪ್ಯಾಕ್ ಮಾಡಲೇಬೇಕು ಎನ್ನುತ್ತಾರೆ, ಮತ್ತೊಬ್ಬರು ಪಣವನ್ನೆಲ್ಲ ವಾಪಸು ಕೊಟ್ಟು ಹೊಸದಾಗಿ ಆಡೋಣ ಎನ್ನುತ್ತಾರೆ.

ಈ ಮೂರೂ ತಪ್ಪು. 2001ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಶನ್ ಎಂಬ ಸಂಘದ ನಿಯಮಗಳು ಈ ಬಗ್ಗೆ ಸ್ಪಷ್ಟವಾಗಿವೆ. ಸರದಿ ಬಾಕಿಯಿರುವಾಗ ಎಲೆ ತೆರೆದವರಿಗೆ ದಂಡ ವಿಧಿಸಬಹುದು, ಆದರೆ ಅವರ ಕೈ ಸಾಯುವುದಿಲ್ಲ, ಆ ದಂಡವೂ ಆಟ ಮುಗಿದ ಮೇಲೆಯೇ ಆರಂಭವಾಗುತ್ತದೆ. ಮೂರನೆಯವರು ತೆರೆದ ಎಲೆಗಳನ್ನು ನೋಡಿಯೇ ತಮ್ಮ ತೀರ್ಮಾನ ಮಾಡುತ್ತಾರೆ. ಅವರು ಕದ್ದು ನೋಡಿಲ್ಲ, ಎಲ್ಲರ ಎದುರಿಗೆ ಬಿದ್ದಿದ್ದನ್ನು ನೋಡಿದ್ದಾರೆ, ಆದ್ದರಿಂದ ಸಂಕೋಚಪಡಬೇಕಾಗಿಲ್ಲ. ನಿಜವಾದ ನಷ್ಟ ಎರಡನೆಯವರಿಗೆ. ಕಾಣದ ಎಲೆಗಳ ಎದುರು ಅವರು ಪಣ ಕಟ್ಟಿಯಾಗಿದೆ, ಅವರ ನಂತರದವರು ಎಲೆ ಕಂಡು ಆಡುತ್ತಿದ್ದಾರೆ. ಅಂಥ ಸಂದರ್ಭದಲ್ಲಿ ಅವರ ಕ್ಷಮೆ ಕೇಳುವುದು ಎಲೆ ತೆರೆದವರ ಕರ್ತವ್ಯ. ಆ ಕ್ಷಮೆಯನ್ನೂ ಆಟ ಮುಗಿದ ಮೇಲೆ ಕೇಳಬೇಕು, ನಡುವೆ ಆಡಿದ ಒಂದೊಂದು ಮಾತೂ ಮೂರನೆಯವರಿಗೆ ಸುಳಿವಾಗುತ್ತದೆ.

ಉಳಿದವರ ಕೆಲಸ ಬಾಯಿ ಮುಚ್ಚಿಕೊಂಡಿರುವುದು. ಒಂದು ಕೈಯನ್ನು ಒಬ್ಬರೇ ಆಡಬೇಕೆಂಬುದು ಪೋಕರಿನ ಮೂಲ ನಿಯಮಗಳಲ್ಲಿ ಒಂದು. "ಅಯ್ಯೋ, ಅವರಿಗೆ ಸ್ಟ್ರೇಟ್ ಆಗಿದೆ ನೋಡಿ" ಎಂದು ಪ್ಯಾಕ್ ಮಾಡಿದವರು ಉದ್ಗರಿಸಿದರೆ ಇನ್ನೊಬ್ಬರ ಆಟವನ್ನು ತಾವು ಆಡಿದಂತೆ. ಅದೇ ಕಾರಣಕ್ಕೆ, ಪ್ಯಾಕ್ ಮಾಡಿ ಕುಳಿತಾಗ ಪಕ್ಕದವರ ಎಲೆ ಕಂಡರೆ ಮುಖದಲ್ಲಿ ಯಾವ ಬದಲಾವಣೆಯೂ ಆಗದಂತೆ ನೋಡಿಕೊಳ್ಳಬೇಕು. ಹುಬ್ಬೇರಿಸುವುದೂ ಒಂದು ಮಾತೇ.

ಇಲ್ಲಿ ಒಂದು ಕಷ್ಟದ ಪ್ರಸಂಗವಿದೆ. ಪಕ್ಕದವರ ಎಲೆ ನಿಮಗೆ ಕಂಡಿದೆ, ಅವರು ಗೆದ್ದಿದ್ದಾರೆಂದು ನಿಮಗೆ ಗೊತ್ತು, ಆದರೆ ಅವರು ಗಮನಿಸದೆ ಎಲೆಗಳನ್ನು ಮುಚ್ಚಿಯೇ ಎಸೆಯಲು ಹೊರಟಿದ್ದಾರೆ. ಹೇಳಬೇಕೇ? ಹೇಳುವಂತಿಲ್ಲ. ಮೇಜಿನ ಮೇಲೆ ತೆರೆದಿಡದ ಕೈಯನ್ನು ಇನ್ನೊಬ್ಬರು ಓದಬಾರದು. 2009ರ ವರ್ಲ್ಡ್ ಸೀರೀಸ್ ಆಫ್ ಪೋಕರಿನ ಮುಖ್ಯ ಸ್ಪರ್ಧೆಯಲ್ಲಿ ಫಿಲ್ ಐವಿಯಂಥ ಆಟಗಾರರೇ ತಮಗೆ ಫ್ಲಷ್ ಆಗಿದ್ದನ್ನು ಗಮನಿಸದೆ ಗೆಲ್ಲುವ ಎಲೆಗಳನ್ನು ಕೈಬಿಟ್ಟಿದ್ದರು. ಆದರೆ ಎರಡೂ ಎಲೆಗಳು ಮುಖ ಮೇಲಾಗಿ ಮೇಜಿನ ಮೇಲೆ ಬಿದ್ದ ಕ್ಷಣದಿಂದ ಮಾತು ತಿರುಗುತ್ತದೆ. ಆಗ ಯಾರು ತಪ್ಪಾಗಿ ಓದಿದರೂ, ಆಟದಲ್ಲಿದ್ದವರಿರಲಿ, ಇಲ್ಲದವರಿರಲಿ, ಎತ್ತಿ ಹೇಳುವುದೇ ಸರಿಯಾದ ನಡವಳಿಕೆ. ಅದಕ್ಕೇ ಆಟದ ಕೊನೆಗೆ ಎಲೆಗಳನ್ನು ಕೈಯಲ್ಲಿ ಹಿಡಿದು "ನನಗೆ ಜೋಡಿ" ಎಂದು ಹೇಳುವ ಬದಲು, ಎರಡನ್ನೂ ತೆರೆದಿಟ್ಟು ಸುಮ್ಮನಿರುವುದು ಒಳ್ಳೆಯದು.

ನಿಮ್ಮದೇ ಎಲೆ ಕಂಡುಹೋದರೆ

ಎಚ್ಚರಿಸಿದವರ ಮೇಲೆ ರೇಗಬೇಡಿ, ಅವರು ತಮ್ಮ ಲಾಭವನ್ನು ಬಿಟ್ಟುಕೊಟ್ಟು ಹೇಳಿದ್ದಾರೆ. ಯಾವ ಎಲೆ ಕಂಡಿತೆಂದು ಆಟದ ನಡುವೆ ಕೇಳಬೇಡಿ. ಕಂಡಿತೋ ಇಲ್ಲವೋ ಎಂಬ ಅನುಮಾನದಲ್ಲಿ ಇನ್ನೊಂದು ಎಲೆಯನ್ನೂ ತೋರಿಸಿ "ಈಗ ಸಮವಾಯಿತು" ಎನ್ನುವುದು ಔದಾರ್ಯದಂತೆ ಕಂಡರೂ, ಅದರಿಂದ ಆಟದಲ್ಲಿರುವ ಇತರರ ಲೆಕ್ಕವೂ ಕೆಡುತ್ತದೆ. ಇನ್ನು ಎದುರಾಳಿಯನ್ನು ದಾರಿ ತಪ್ಪಿಸಲೆಂದು ಬೇಕೆಂದೇ ಎಲೆಯನ್ನು ಆಕಸ್ಮಿಕವೆಂಬಂತೆ ಮಿಂಚಿಸುವವರೂ ಇದ್ದಾರೆ. ಪಂದ್ಯಗಳಲ್ಲಿ ಅದಕ್ಕೆ ದಂಡ ಬೀಳುತ್ತದೆ, ಮನೆಗಳಲ್ಲಿ ಅಂಥವರನ್ನು ಮತ್ತೆ ಕರೆಯುವುದಿಲ್ಲ.

ನಡವಳಿಕೆಯ ಅರ್ಧ ಭಾಗ ಆಟಕ್ಕೆ ಕೂರುವ ಮುನ್ನವೇ ಮುಗಿದಿರಬೇಕೆಂದು ನನಗೆ ಅನ್ನಿಸುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿ ನಿಷೇಧಿಸಿತು. ಅದಕ್ಕೂ ಮೊದಲು ಮೊಬೈಲಿನಲ್ಲೇ ಪೋಕರ್ ಕಲಿತವರು ಅನೇಕ. ಪರದೆಯ ಮೇಲೆ ಒಬ್ಬರ ಎಲೆ ಇನ್ನೊಬ್ಬರಿಗೆ ಕಾಣುವುದೇ ಇಲ್ಲ, ಸರದಿ ತಪ್ಪಿ ತೆರೆಯಲೂ ಆಗುವುದಿಲ್ಲ. ಹಾಗೆ ಕಲಿತವರು ನಿಜವಾದ ಎಲೆಗಳನ್ನು ಹಿಡಿದಾಗ ಲೆಕ್ಕದಲ್ಲಿ ಚುರುಕಾಗಿದ್ದರೂ ಕೈ ಪಳಗಿರುವುದಿಲ್ಲ. ಅವರಿಗೆ ಮೊದಲೇ ಎರಡು ಮಾತು ಹೇಳಿ.

ನಮ್ಮ ಮನೆಗಳಲ್ಲಿ ಎಲೆಗಳನ್ನು ಬಯಲು ಮಾಡುವ ದೊಡ್ಡ ಶತ್ರು ಗಾಜಿನ ಮೇಜು. ಮೂಲೆಯನ್ನು ಎಷ್ಟೇ ಜಾಗ್ರತೆಯಿಂದ ಎತ್ತಿದರೂ ಗಾಜಿನಲ್ಲಿ ಎಲೆಯ ಮುಖ ಎದುರಿನವರಿಗೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಒಂದು ದಪ್ಪ ಹೊದಿಕೆ ಹಾಸಿದರೆ ಆ ಕಷ್ಟ ತೀರುತ್ತದೆ, ಎಲೆಗಳನ್ನು ಜಾರಿಸಿ ಹಂಚಲೂ ಅನುಕೂಲ. ಮೇಜಿನ ಮೇಲೆ ಅಂಗಾತ ಇಟ್ಟ ಮೊಬೈಲಿನ ಕಪ್ಪು ಪರದೆಯೂ ಅದೇ ಕೆಲಸ ಮಾಡುತ್ತದೆ, ಆದ್ದರಿಂದ ಮೊಬೈಲುಗಳು ಜೇಬಿನಲ್ಲಿರಲಿ. ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಆಡುವಾಗ ಎಲೆಗಳು ನೆಲದಲ್ಲಿದ್ದು ಕಣ್ಣು ದೂರವಾಗುವುದರಿಂದ ಎಲ್ಲರೂ ಎಲೆಯನ್ನು ಎತ್ತಿಯೇ ನೋಡುತ್ತಾರೆ. ಅಲ್ಲಿ ಒಬ್ಬೊಬ್ಬರ ನಡುವೆ ಒಂದು ಮೊಳವಾದರೂ ಅಂತರ ಬೇಕು. ಬೆನ್ನ ಹಿಂದೆ ನಿಂತು ನೋಡುವವರನ್ನು ಕೂರಿಸಿ. ಮಕ್ಕಳಿದ್ದರಂತೂ "ಅಪ್ಪಂಗೆ ಎರಡು ಎಕ್ಕ ಬಂದಿದೆ!" ಎಂಬ ಕೂಗು ಯಾವ ಕ್ಷಣದಲ್ಲಾದರೂ ಬರಬಹುದು. ಮಗು ತಪ್ಪು ಮಾಡಿಲ್ಲ, ಗದರಿಸಬೇಡಿ. ಕೂಗು ಎಲ್ಲರಿಗೂ ಒಂದೇ ಸಲ ಕೇಳಿಸಿರುವುದರಿಂದ ಅನ್ಯಾಯವೂ ಆಗಿಲ್ಲ, ಆ ಆಟವನ್ನು ಹಾಗೆಯೇ ಮುಗಿಸಬಹುದು.

ಎಲ್ಲ ಮುಗಿದ ಮೇಲೆ, ಹೇಳಬೇಕಿತ್ತು ಎಂದು ಅನ್ನಿಸಿದರೆ ಆಗಲೂ ಹೇಳಬಹುದು. ಮುಂದಿನ ಆಟಕ್ಕೆ ಎಲೆ ಹಂಚುವ ಮೊದಲು, ಸಾಧ್ಯವಾದರೆ ಅವರೊಬ್ಬರೇ ಇರುವಾಗ, ಸುತ್ತಿ ಬಳಸದೆ ಹೇಳಿ. ನಾನು ಆ ಹಿರಿಯರಿಗೆ ಹೇಳಿದ್ದು ಒಂದು ವಾರದ ಮೇಲೆ, ಅದೇ ಗೆಳೆಯರ ಮನೆಯ ಜಗಲಿಯಲ್ಲಿ. ಯಾವ ಯಾವ ಆಟದಲ್ಲಿ ಕಂಡಿತೆಂದು ಅವರು ಒಂದೊಂದಾಗಿ ಕೇಳಿ ತಿಳಿದುಕೊಂಡರು, ಮೊದಲ ಸಲವೇ ಹೇಳಬಹುದಿತ್ತಲ್ಲ ಎಂದರು. ಗೆದ್ದ ಹುಣಸೆ ಬೀಜಗಳಷ್ಟನ್ನು ಅವರ ಮುಂದೆ ಎಣಿಸಿಟ್ಟೆ. ಅಂದು ಆಟಕ್ಕೆ ಕುಳಿತಾಗ ಅವರು ಎಲೆಗಳನ್ನು ಕೈಗೆತ್ತಿಕೊಳ್ಳಲಿಲ್ಲ. ಹೆಬ್ಬೆರಳಿನಿಂದ ಮೂಲೆ ಎತ್ತಿ ನೋಡಿ, ಮತ್ತೆ ಮಲಗಿಸಿ, ಮೇಲೊಂದು ಗೋಟಡಿಕೆ ಇಟ್ಟರು.